ರಕ್ತ ಹೇಳದ ತುರಿಕೆ

ಬೆಟಗೇರಿ,
ಇಸವಿ ಎರಡು ಸಾವಿರದ ನೂರ ಎಂಬತ್ತೇಳು, ಎರಡನೇ ಬೇಸಿಗೆಯ ನಡುಭಾಗ.

ಪಿತ್ತದ ಗಂಧೆಯ ರೋಗಿಗಳನ್ನು ಇಂದು ನೋಡುತ್ತಿರುವ ಡಾಕ್ಟರರಿಗೆ ದಾಕ್ಷಾಯಣಿ ಮುಳಗುಂದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದು ಕಾಗದ ಮಡಚಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮಳೆಗಾಲ ಅವೆರಡರ ನಡುವೆ ಅವಸರದಲ್ಲಿ ಬಂದು ಹೋಗುತ್ತದೆ. ತಮ್ಮ ಕಾಲದ ಕನ್ನಡವನ್ನು ನಾನು ಹಳೆಯ ವೈದ್ಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಕೆಲವು ಶಬ್ದ ವಿಚಿತ್ರವೆನಿಸಿದರೆ, ಕೆಲವು ಮಾತು ಒರಟಾಗಿ ಕಂಡರೆ ಮನ್ನಿಸಬೇಕು. ಹೊಟ್ಟೆಕಿಚ್ಚು ಪಟ್ಟವರ ಬರಹ ನಯವಾಗಿ ಇರುವುದಿಲ್ಲ.

ನಾವು ನೇಕಾರರು. ನಮ್ಮ ಬೆಟಗೇರಿಯಲ್ಲಿ ಮಗ್ಗದ ಸದ್ದು ಇನ್ನೂ ನಿಂತಿಲ್ಲ, ಆದರೆ ಅದು ಈಗ ನೆಲದ ಕೆಳಗಿನಿಂದ ಬರುತ್ತದೆ. ಪ್ರತಿ ಮನೆಗೂ ಒಂದು ಇಳಿಮನೆ ಇದೆ. ಇಳಿಮನೆ ಎಂದರೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮನೆಯ ಅಡಿಯಲ್ಲಿ ತೋಡಿದ ಕೋಣೆ. ಬೆಳಗಿನ ರೊಟ್ಟಿ ಬಡಿಯುವ ಕೆಲಸ ಮುಗಿದ ಕೂಡಲೇ ಓಣಿಯ ಜನರೆಲ್ಲ ಇಳಿದು ಹೋಗುತ್ತಾರೆ. ಹೊತ್ತು ಇಳಿದ ಮೇಲೆ ಮತ್ತೆ ಮೇಲೆ ಬಂದು, ಬಟ್ಟೆಯ ಚಪ್ಪರ ಹೊದಿಸಿದ ಬೀದಿಯಲ್ಲಿ ಕುಳಿತು ಮಾತಾಡುತ್ತಾರೆ. ಜೋಳ ಈಗಲೂ ಬೆಳೆಯುತ್ತೇವೆ, ಕೆಂಪು ಚಟ್ನಿ ಈಗಲೂ ಕುಟ್ಟುತ್ತೇವೆ. ಸೀರೆಯ ಅಂಚಿಗೆ ತಮ್ಮ ಕಾಲದ ಬಣ್ಣಗಳನ್ನೇ ಹಾಕುತ್ತೇವೆ. ಇಷ್ಟೆಲ್ಲ ಹೇಳುತ್ತಿರುವುದು ನಾವು ತಮಗೆ ತೀರ ಬೇರೆಯವರಲ್ಲ ಎಂದು ತಿಳಿಸಲಿಕ್ಕೆ.

ನನಗೆ ಒಬ್ಬಳೇ ತಂಗಿ, ನಿಂಬೆವ್ವ. ನಮ್ಮಿಬ್ಬರಿಗೂ ಒಂದೇ ಬೇಸಿಗೆಯಲ್ಲಿ ಗಂಧೆ ಶುರುವಾಯಿತು. ಮೊದಲು ಸೊಂಟದ ಸುತ್ತ, ಆಮೇಲೆ ತೊಡೆ, ಬೆನ್ನು, ಕುತ್ತಿಗೆ. ಕೆಂಪಗೆ ಉಬ್ಬಿದ ದದ್ದು ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುತ್ತಿತ್ತು. ಒಂದೆರಡು ವಾರದಲ್ಲಿ ಹೋಗುವ ಗಂಧೆಯಲ್ಲ ಇದು, ತಿಂಗಳುಗಟ್ಟಲೆ ಇರುವಂಥದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ರೋಗ ಎಷ್ಟು ಜೋರಾಗಿದೆ ಎಂದು ತಿಳಿಯಲು ಇಬ್ಬರನ್ನೂ ರಕ್ತಸಾಕ್ಷಿ ಎಂಬ ಯಂತ್ರದ ಮುಂದೆ ಕೂರಿಸಿದರು.

ರಕ್ತಸಾಕ್ಷಿ ತಮಗೆ ಹೊಸ ಶಬ್ದ ಇರಬಹುದು, ವಸ್ತು ಪೂರ್ತಿ ಹೊಸದಲ್ಲ. ಉರಿಯೂತದ ಪ್ರೋಟೀನು, ಹೆಪ್ಪುಗಟ್ಟಿದ ರಕ್ತ ಒಡೆದಾಗ ಉಳಿಯುವ ಚೂರು, ಮೈ ತನ್ನ ಮೇಲೆ ತಾನೇ ಹೂಡುವ ಪ್ರತಿಕಾಯಗಳು, ಇವನ್ನೆಲ್ಲ ತಾವು ಬೇರೆ ಬೇರೆ ಪರೀಕ್ಷೆಗಳಲ್ಲಿ ಅಳೆಯುತ್ತಿದ್ದಿರಿ ಎಂದು ಓದಿದ್ದೇನೆ. ನಮ್ಮವರು ಎಲ್ಲವನ್ನೂ ಒಂದು ಹನಿ ರಕ್ತದಲ್ಲಿ ಅಳೆದು, ಕೂಡಿಸಿ, ಒಂದು ಬಣ್ಣ ಕೊಡುತ್ತಾರೆ. ಬಿಳಿ ಬಂದರೆ ರೋಗ ಹಗುರ, ಕೆಂಪು ಬಂದರೆ ಭಾರ. ಕೆಂಪಿನವರಿಗೆ ಶಾಂತಿಸೂಜಿ ಸಿಗುತ್ತದೆ. ಅದು ದದ್ದು ಎಬ್ಬಿಸುವ ಕಣಗಳನ್ನು ಸುಮ್ಮನಾಗಿಸುವ ಔಷಧಿ. ಜೊತೆಗೆ ಕಪ್ಪತಗುಡ್ಡದ ತಂಪುಮನೆಯಲ್ಲಿ ಬೇಸಿಗೆ ಮುಗಿಯುವವರೆಗೆ ವಾಸ. ಬಿಳಿಯವರಿಗೆ ಗುಳಿಗೆ, ಮತ್ತು ಮನಸ್ಸು ಹಗುರ ಇಟ್ಟುಕೊಳ್ಳಿ ಎಂಬ ಉಪದೇಶ.

ನಿಂಬೆವ್ವನಿಗೆ ಕೆಂಪು ಬಂತು. ನನಗೆ ಬಿಳಿ.

ಅವತ್ತು ಮನೆಗೆ ಬಂದ ಮೇಲೆ ಅವ್ವ ಕಂಬಳಿ ತಂದು ನಿಂಬೆವ್ವನ ಬೆನ್ನು ಉಜ್ಜಿದಳು. ಗಂಧೆಗೆ ಕಂಬಳಿ ಉಜ್ಜುವುದು ತಮ್ಮ ಕಾಲದ್ದೇ ರೂಢಿಯಂತೆ. ನಾನೂ ಬೆನ್ನು ಕೊಟ್ಟು ಕುಳಿತೆ. ಅವ್ವ ನನ್ನ ಭುಜ ತಟ್ಟಿ, "ನಿನಗ ಬಿಳಿ ಬಂದೈತಲ್ಲ, ನೀ ಪುಣ್ಯವಂತಿ. ಪಾಪ, ಇಕಿಗೆ ನೋಡು" ಎಂದಳು. ನನ್ನ ಬೆನ್ನು ಆಗ ಉರಿಯುತ್ತಿತ್ತು. ಓಣಿಯವರು ಬಂದರು, ನಿಂಬೆವ್ವನ ಕೈ ಹಿಡಿದು ಮರುಗಿದರು, ಬುತ್ತಿ ಕಟ್ಟಿಕೊಟ್ಟು ತಂಪುಮನೆಗೆ ಕಳಿಸಿದರು. ಅವಳ ಮಗ್ಗದ ಕೆಲಸವೂ ನನ್ನ ಪಾಲಿಗೆ ಬಂತು.

ತಂಗಿಯ ರೋಗದ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗಿರುತ್ತದೆ ಎಂದು ತಮಗೆ ಹೇಗೆ ಹೇಳಲಿ? ಅವಳ ಚಿನ್ನ ಬೇಡ, ಅವಳ ಚೆಲುವು ಬೇಡ, ಅವಳ ಕೆಟ್ಟ ರಕ್ತ ನನಗೆ ಬೇಕಾಗಿತ್ತು. ಮಗ್ಗದ ಮುಂದೆ ಕುಳಿತರೆ ಹಲಗೆ ತಾಗಿದಲ್ಲೆಲ್ಲ ದದ್ದು ಏಳುತ್ತಿತ್ತು. ಲಾಳಿ ಎಸೆದ ಕೈಯಿಂದಲೇ ತೊಡೆ ಕೆರೆದುಕೊಳ್ಳುತ್ತಿದ್ದೆ. ರಕ್ತದ ಕಲೆ ಬಿದ್ದೀತೆಂದು ನೇಯ್ದ ಸೀರೆಯ ಮೇಲೆ ಅರಿವೆ ಹೊದಿಸುತ್ತಿದ್ದೆ. ಮುಂದಿನ ಪರೀಕ್ಷೆಗೆ ಹೋಗುವ ಮೊದಲು ಸುಡುವ ಬಿಸಿಲಿನಲ್ಲಿ ಬೇಕೆಂದೇ ಚಪ್ಪರವಿಲ್ಲದ ದಾರಿ ಹಿಡಿದೆ. ಸೊಂಟದ ಪಟ್ಟಿ ಬಿಗಿಯಾಗಿ ಕಟ್ಟಿಕೊಂಡೆ. ಮೈ ತುಂಬ ದದ್ದು ಎದ್ದವು, ಕಣ್ಣಿನ ರೆಪ್ಪೆ ಊದಿತು. ರಕ್ತಸಾಕ್ಷಿ ಮತ್ತೆ ಬಿಳಿಯನ್ನೇ ತೋರಿಸಿತು. ತುರಿಕೆ ತಡೆಯಲಾಗುತ್ತಿಲ್ಲ ಎಂದೆ. ಆಸ್ಪತ್ರೆಯ ಡಾಕ್ಟರ್ ಯಶೋಧರ ಅಣ್ಣಿಗೇರಿಯವರು ಯಂತ್ರದ ಗಾಜಿನ ಪರದೆಯಿಂದ ಕಣ್ಣೆತ್ತದೆ, "ಛಲೋ ಐತಿ" ಎಂದರು. ಅವರು ಕೆಟ್ಟವರಲ್ಲ. ಯಂತ್ರ ಬಂದಾಗಿನಿಂದ ಮೈ ನೋಡುವ ರೂಢಿಯೇ ಅವರಿಗೆ ತಪ್ಪಿತ್ತು.

ನಿಂಬೆವ್ವ ಹಬ್ಬಕ್ಕೆಂದು ತಂಪುಮನೆಯಿಂದ ಬಂದಳು. ಚರ್ಮ ತಿಳಿಯಾಗಿತ್ತು, ಕೆನ್ನೆ ತುಂಬಿಕೊಂಡಿತ್ತು. ನಾನು ಅವಳ ಮುಖ ನೋಡದೆ ಇಳಿಮನೆಗೆ ಹೋದೆ. ಅವಳು ಹಿಂದೆಯೇ ಇಳಿದು ಬಂದಳು. ಆಗ ನನ್ನ ತುಟಿ ಊದಿ ಮಾತು ಸರಿಯಾಗಿ ಬರುತ್ತಿರಲಿಲ್ಲ. "ಅಕ್ಕಾ, ಏಳು, ದವಾಖಾನಿಗೆ ಹೋಗೂಣು" ಎಂದಳು. ನಾನು ಒಲ್ಲೆ ಎಂದು ತಲೆ ಅಲ್ಲಾಡಿಸಿದೆ. ಅವಳು ಕೈ ಬಿಡಲಿಲ್ಲ.

ಊದಿದ ತುಟಿಯಿಂದಲೇ ನಾನು ತುರಿಕೆಯ ಮಾತು ಹೇಳಿದೆ. ಡಾಕ್ಟರು ಹನಿ ರಕ್ತ ತೆಗೆದು, ಪರದೆ ನೋಡಿ, "ಬಿಳಿ ಐತಿ. ಕಾಳಜಿ ಮಾಡೂದು ಬ್ಯಾಡ" ಎಂದರು.

ನಿಂಬೆವ್ವ ಅವರಿಗೂ ಪರದೆಗೂ ನಡುವೆ ಹೋಗಿ ನಿಂತಳು. "ಡಾಕ್ಟರ್ ಸಾಹೇಬ್ರ, ಆ ಗಾಜ ಬಿಟ್ಟು ಇಕಿ ಮಾರಿ ನೋಡ್ರಿ."

"ತಂಗಿ, ಪರೀಕ್ಷಾ ಸುಳ್ಳ ಹೇಳೂದಿಲ್ಲ."

"ಸುಳ್ಳ ಅಂತ ಯಾರ ಅಂದ್ರು? ನಾ ಕೆಂಪ ಇದ್ದಾಕಿ, ನಿಮ್ಮ ಸೂಜಿಲೆ ಆರಾಮ ಆದಾಕಿ. ಆದ್ರ ಸೂಜಿ ಹಾಕೂಕಿಂತ ಮೊದಲೂ ನನಗ ಇಕಿಯಷ್ಟು ತುರಸತಿರಲಿಲ್ಲ. ನಾ ಉಂಡು ಮಲಗತಿದ್ದೆ. ನಮ್ಮಕ್ಕ ಮಗ್ಗದ ಮುಂದ ಕುಂತು ಅಳತಿದ್ಲು. ಅದು ಯಾವ ಬಣ್ಣದಾಗ ಬರತೈತಿ, ಹೇಳ್ರಿ ನೋಡೂಣು?"

ನಾನು ಅಳುವುದನ್ನು ಅವಳು ನೋಡಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಎದುರು ಕುಳಿತರು. ತುಟಿ ನೋಡಿದರು, ತೋಳು ತಿರುಗಿಸಿ ನೋಡಿದರು. "ಎಷ್ಟ ತುರಸ್ತೈತಿ, ದಾಕ್ಷಾಯಣಿ?" ಎಂದು ಕೇಳಿದರು. ರೋಗ ಬಂದಾಗಿನಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಹೇಳಲು ಹೋಗಿ ನನಗೆ ಬರೀ ಅಳು ಬಂತು. ಅವರು ಕಾದರು. ನಾನು ಎಲ್ಲವನ್ನೂ ಹೇಳಿದೆ. ಕೊನೆಗೆ ಅವರು, "ರಕ್ತ ಸುಮ್ಮ ಇದ್ದು ಮೈ ಕೂಗೂ ರೋಗಿಗಳು ಇರ್ತಾರಂತ ಹಳೇ ಪುಸ್ತಕದಾಗ ಓದಿದ್ದೆ. ನೋಡಿರಲಿಲ್ಲ" ಎಂದರು. ತಮ್ಮದೇ ಹೊಣೆಯಲ್ಲಿ ನನಗೂ ಶಾಂತಿಸೂಜಿ ಬರೆದುಕೊಟ್ಟರು.

ಆ ಹಳೆಯ ಪುಸ್ತಕಗಳನ್ನು ನಾನು ಅವರಿಂದ ಕೇಳಿ ಪಡೆದೆ. ಅವುಗಳಲ್ಲಿ ತಮ್ಮನ್ನು ಕಂಡೆ. ರೋಗದ ಭಾರ ತಿಳಿಯಲು ತಾವು ದದ್ದು ಎಷ್ಟು ಎದ್ದವು, ತುರಿಕೆ ಎಷ್ಟಿತ್ತು, ನಿದ್ದೆ ಬಂತೇ ಎಂದು ರೋಗಿಯನ್ನೇ ದಿನದಿನದ ಲೆಕ್ಕ ಕೇಳುತ್ತಿದ್ದಿರಂತೆ. ರಕ್ತದ ಪರೀಕ್ಷೆ ಅದರ ಪಕ್ಕದಲ್ಲಿ ಇತ್ತು, ಅದರ ಜಾಗದಲ್ಲಿ ಇರಲಿಲ್ಲ. ಓದುತ್ತ ಓದುತ್ತ ನನ್ನ ಹೊಟ್ಟೆಕಿಚ್ಚು ನಿಂಬೆವ್ವನನ್ನು ದಾಟಿ ತಮ್ಮ ಕಾಲದ ರೋಗಿಗಳವರೆಗೂ ಹಬ್ಬಿತು. ಅವರಿಗೆ ನನಗೆ ಸಿಕ್ಕಷ್ಟು ಒಳ್ಳೆಯ ಸೂಜಿ ಇದ್ದಿರಲಿಕ್ಕಿಲ್ಲ, ತಂಪುಮನೆ ಇದ್ದಿರಲಿಕ್ಕಿಲ್ಲ. ಆದರೂ ಅವರನ್ನು ಒಬ್ಬರು ಕೇಳುತ್ತಿದ್ದರು.

ಈಗ ನನ್ನ ಮೈ ಬಹಳಮಟ್ಟಿಗೆ ಶಾಂತವಾಗಿದೆ. ಆಗಾಗ ಎದ್ದರೂ ಬೇಗ ಇಳಿಯುತ್ತದೆ. ನಿಂಬೆವ್ವನೂ ನಾನೂ ಮತ್ತೆ ಒಂದೇ ಇಳಿಮನೆಯಲ್ಲಿ ನೇಯುತ್ತೇವೆ, ಒಂದೇ ತಾಟಿನಲ್ಲಿ ಉಣ್ಣುತ್ತೇವೆ. ಅವಳು ನನಗಾಗಿ ಜಗಳಾಡಿದ್ದನ್ನು ಸಾಯುವವರೆಗೆ ಮರೆಯಲಾರೆ. ಆದರೆ ನಿಜ ಹೇಳುತ್ತೇನೆ, ಅವಳ ಮೇಲಿನ ಕಿಚ್ಚು ಪೂರ್ತಿ ಆರಿಲ್ಲ. ಅವತ್ತು ಡಾಕ್ಟರು ನಂಬಿದ್ದು ಅವಳ ಮಾತನ್ನು. ನಾನು ಅದನ್ನೇ ಎಷ್ಟೋ ಸಲ ಹೇಳಿದ್ದೆ, ಊದಿದ ತುಟಿಯಿಂದಲೂ ಹೇಳಿದ್ದೆ. ಕೆಂಪು ರಕ್ತದವಳು ಹೇಳಿದಾಗಲೇ ಅದು ಅವರ ಕಿವಿಗೆ ಬಿತ್ತು.

ಪರೀಕ್ಷೆಗಳನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ಅವು ನನ್ನ ತಂಗಿಗೆ ಸರಿಯಾದ ಔಷಧಿ ತೋರಿಸಿಕೊಟ್ಟವು. ಇನ್ನೂ ಒಳ್ಳೆಯ ಪರೀಕ್ಷೆಗಳನ್ನು ಕಂಡುಹಿಡಿಯಿರಿ. ನನ್ನ ಬಿನ್ನಹ ಇಷ್ಟೇ: ವರದಿ ಕೈಗೆ ಬರುವ ಮೊದಲು ತಮ್ಮೆದುರು ಕುಳಿತ ರೋಗಿಯನ್ನು ಕೇಳಿ, ಬಂದ ಮೇಲೆ ಇನ್ನೊಮ್ಮೆ ಕೇಳಿ. ವರದಿಯೂ ಅವಳ ಮಾತೂ ಹೊಂದದಿದ್ದರೆ ಅವಳನ್ನು ಸುಳ್ಳಿ ಮಾಡಬೇಡಿ. ಅವಳ ಪರವಾಗಿ ಮಾತಾಡಲು ಇನ್ನೊಬ್ಬರು ಬರಲಿ ಎಂದು ಕಾಯಬೇಡಿ.

ತಾವು ಇದನ್ನು ಓದುತ್ತಿರುವ ಹೊತ್ತಿನಲ್ಲಿ ಹೊರಗಿನ ಬೆಂಚಿನ ಮೇಲೆ ಒಬ್ಬಳು ತೋಳು ಕೆರೆದುಕೊಳ್ಳುತ್ತ ಕುಳಿತಿರಬೇಕು. ಕೇಳಲು ತಾವಿದ್ದೀರಲ್ಲ ಎಂದು ಅವಳ ಮೇಲೆ ನನಗೆ ಹೊಟ್ಟೆ ಉರಿಯುತ್ತದೆ. ಕಾಗದ ಇಲ್ಲಿಗೆ ಸಾಕು, ಅವಳನ್ನು ಒಳಗೆ ಕರೆಯಿರಿ.

ದಾಕ್ಷಾಯಣಿ