ಗೋಡೆಗೊತ್ತಿದ ಕೆನ್ನೆ

ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮರೀ,

ನಲವತ್ತಾರು ವರ್ಷದವನನ್ನು ಇನ್ನೂ ಮರಿ ಅನ್ನುತ್ತಾಳಲ್ಲ ಅಂತ ಮುಖ ಸಿಂಡರಿಸಬೇಡ. ನನಗೆ ನೀನು ಅದೇ. ಚೆನ್ನಾಗಿದ್ದೀಯ ತಾನೇ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ, ಬೈದುಕೋ. ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದರೆ ನಿನ್ನ ಅಕ್ಕನಿಗೆ ಊಟ ನಿದ್ದೆ ನೆಟ್ಟಗಿರುವುದಿಲ್ಲ ಅನ್ನುವುದು ನಿನಗೇನು ಹೊಸದಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ, ಸರಿ" ಅಂದುಬಿಡುತ್ತೀಯ, ನನಗೆ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ.

ನಿನಗೆ ದೊಡ್ಡ ಕ್ವಾರ್ಟರ್ಸ್ ಸಿಕ್ಕಿದ್ದು ಸಂತೋಷ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ಮೊದಲ ವಾರ ಬಂದು ಗುಬ್ಬಿಯನ್ನು ಕರೆದುಕೊಂಡು ಹೋಗುತ್ತೇನೆ ಅಂತ ಬರೆದಿದ್ದೀಯ. "ತಾಯಿ ಇಲ್ಲದ ಮಗಳು, ಎಷ್ಟು ದಿನ ಅಂತ ಇನ್ನೊಬ್ಬರ ಮನೆಯಲ್ಲಿರಬೇಕು" ಅಂತ ಬೇರೆ. ಇನ್ನೊಬ್ಬರ ಮನೆ! ನಿನ್ನ ಅಂಡು ತೊಳೆದು ದೊಡ್ಡವನನ್ನಾಗಿ ಮಾಡಿದವಳ ಮನೆ ಇನ್ನೊಬ್ಬರ ಮನೆಯೇನೋ? ಓದಿ ನಗು ಬಂತು, ಆಮೇಲೆ ಸ್ವಲ್ಪ ಕೋಪವೂ ಬಂತು.

ನಿನ್ನ ಮಗಳ ಬಗ್ಗೆ ಹೇಳುವುದಾದರೆ, ಇಷ್ಟು ಅಚ್ಚುಕಟ್ಟಾದ ಹುಡುಗಿಯನ್ನು ನಾನು ಎಲ್ಲೂ ಕಂಡಿಲ್ಲ. ಮೂವತ್ತು ವರ್ಷದಿಂದ ಹೈಸ್ಕೂಲ್ ಮಕ್ಕಳ ಜೊತೆ ಏಗಿದವಳು ಹೇಳುತ್ತಿರುವ ಮಾತು ಇದು. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿದರೆ ಸಾಕು, ಓದುತ್ತಿದ್ದ ಪುಸ್ತಕ ಬಿಟ್ಟು ಹೋಗಿ ಬಾಗಿಲ ಬಳಿಯ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸುತ್ತಾಳೆ. ಟೀವಿ ಸದ್ದು ತಗ್ಗಿಸುತ್ತಾಳೆ. ಬರುವವನು ಮೇಲಿನ ಮನೆಯ ಟೈಲರ್ ಆಗಿರಲಿ, ಗ್ಯಾಸ್ ತರುವವನಾಗಿರಲಿ, ಅವಳಿಗೆ ಎಲ್ಲ ಒಂದೇ. ಅಮ್ಮ ಹೋದ ಮೇಲೆ ಅಪ್ಪ ಒಬ್ಬನೇ ಎಷ್ಟು ಚೆನ್ನಾಗಿ ಬೆಳೆಸಿದ್ದಾನೆ ನೋಡಿ ಅಂತ ನಾನು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿರುತ್ತೇನೆ.

ಇನ್ನು ನಾಟಕದ ಸುದ್ದಿ. ನಮ್ಮ ಹೆಡ್ ಮಾಸ್ತರರ ಪ್ರಕಾರ ನಾಟಕ ಅಂದರೆ ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಮಕ್ಕಳನ್ನು ಸುಮ್ಮನಿರಿಸುವ ಉಪಾಯ. ಈ ವರ್ಷವೂ "ಮೇಡಂ, ಏನಾದರೂ ನಗು ಬರೋ ಅಂಥದ್ದು ಮಾಡಿಸಿ, ಅತಿಥಿಗಳು ಬರ್ತಾರೆ" ಅಂದರು. ಆಗಲಿ ಸರ್ ಅಂದು ತಲೆಯಾಡಿಸಿ, ಬಂದು ನನಗೆ ಬೇಕಾದ್ದನ್ನೇ ಬರೆದೆ. ಒಂದು ದೊಡ್ಡ ಮನೆ, ಅಲ್ಲೊಬ್ಬಳು ಕೆಲಸದ ಹುಡುಗಿ. ನಾಟಕದುದ್ದಕ್ಕೂ ಅವಳಿಗೆ ಒಂದೇ ಒಂದು ಮಾತಿಲ್ಲ. ಯಜಮಾನ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳುತ್ತದೆ, ಅವಳು ಕಾಯುತ್ತಾಳೆ, ಬಾಗಿಲು ತೆರೆಯುತ್ತದೆ, ಪರದೆ ಬೀಳುತ್ತದೆ. ಮಾತಿಲ್ಲದ ಪಾತ್ರ ಅಂದರೆ ಮಕ್ಕಳು ಮೂಗು ಮುರಿಯುತ್ತಾರೆ. ಗುಬ್ಬಿ ಮಾತ್ರ ಕೈ ಎತ್ತಿ, "ಅತ್ತೆ, ಅದು ನಂಗಿರ್ಲಿ" ಅಂದಳು. ಕ್ಲಾಸಿನಲ್ಲಿ ಅತ್ತೆ ಅನ್ನಬಾರದು, ಮಿಸ್ ಅನ್ನಬೇಕು ಅಂತ ಗದರಿಸಿ ಕೊಟ್ಟೆ.

ನನ್ನ ಪದ್ಧತಿ ನಿನಗೆ ಗೊತ್ತಿದೆ. ಮಾತಿಲ್ಲದ ಪಾತ್ರಕ್ಕೆ ನಾನು ಏನನ್ನೂ ಹೇಳಿಕೊಡುವುದಿಲ್ಲ. ಮೊದಲ ಸಲ ಸದ್ದು ಕೇಳಿಸಿ, ಮಗುವಿನ ಮೈ ಏನು ಮಾಡುತ್ತದೆ ಅಂತ ದೂರ ನಿಂತು ನೋಡುತ್ತೇನೆ. ಅದು ಮಾಡಿದ್ದೇ ಪಾತ್ರ. ನಮ್ಮ ವಾಚ್‌ಮನ್‌ಗೆ ದಪ್ಪ ಬೂಟು ಹಾಕಿಸಿ ರಂಗದ ಹಿಂದಿನ ಮರದ ಮೆಟ್ಟಿಲು ಹತ್ತಿಸಿದೆ. ಅವನೋ ಪೂರಾ ಉತ್ಸಾಹದಲ್ಲಿ ದಡದಡ ಹತ್ತಿದ. ಗುಬ್ಬಿ ಓಡಲಿಲ್ಲ, ಅಡಗಲಿಲ್ಲ, ಅಳಲಿಲ್ಲ. ಬೇಗ ಬೇಗ ಮೇಜು ಒರೆಸಿದಳು. ಪಕ್ಕದ ಪ್ಲೈವುಡ್ ಗೋಡೆಗೆ ಹೋಗಿ ಒಂದು ಕೆನ್ನೆಯನ್ನು ಒತ್ತಿ ನಿಂತಳು. ನಿಂತು, ನಕ್ಕಳು. ಯಾರಿಗೋ ಮೊದಲೇ ಸಿದ್ಧ ಮಾಡಿಟ್ಟಂಥ ನಗು.

ನಾನು "ಭೇಷ್!" ಅಂತ ಕೂಗಿದೆ ಕಣೋ. ಮಕ್ಕಳ ಹತ್ತಿರ ಚಪ್ಪಾಳೆ ಹೊಡೆಸಿದೆ. ಇನ್ನೊಮ್ಮೆ ಮಾಡು, ಮತ್ತೊಮ್ಮೆ ಮಾಡು ಅಂತ ಆ ದಿನ ಗಂಟೆ ಹೊಡೆಯುವವರೆಗೂ ವಾಚ್‌ಮನ್‌ನನ್ನು ಮೆಟ್ಟಿಲು ಹತ್ತಿಸಿದೆ. ಮಾಡಿದಳು, ಒಂದೂ ತಪ್ಪಿಲ್ಲದೆ.

ತಪ್ಪು ಅಂದರೆ ಒಂದೇ. ಅವಳು ಗೋಡೆಗೆ ಒತ್ತುವುದು ಬಲಗೆನ್ನೆ. ಹಾಗೆ ನಿಂತರೆ ಬೆನ್ನು ಜನರ ಕಡೆಗಾಗುತ್ತದೆ, ಆ ನಗು ಯಾರಿಗೂ ಕಾಣುವುದಿಲ್ಲ, ಪಕ್ಕದಲ್ಲಿ ನಿಂತ ನನ್ನೊಬ್ಬಳಿಗೆ ಬಿಟ್ಟು. "ಎಡಗೆನ್ನೆ ಒತ್ತಮ್ಮಾ, ಮುಖ ಹಾಲ್ ಕಡೆಗಿರ್ಲಿ" ಅಂತ ಹೇಳಿ ಹೇಳಿ ಸಾಕಾಯಿತು. "ಸರಿ ಮಿಸ್" ಅನ್ನುತ್ತಾಳೆ. ಬೂಟಿನ ಸದ್ದು ಬಂತೋ, ಮತ್ತೆ ಬಲಗೆನ್ನೆ. ಬೇರೆ ಏನು ಹೇಳಿದರೂ ಕೇಳುವ ಹುಡುಗಿ ಇದೊಂದನ್ನು ಮಾತ್ರ ಕೇಳುವುದಿಲ್ಲ. ಹಟದಲ್ಲಿ ನಿನ್ನನ್ನೇ ಹೋಲುತ್ತಾಳೆ.

ಮರೀ, ಈಗ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಅಪ್ಪನ ವಿಷಯ ಅವಳಿಗೆ ಹೇಳಿದ್ದೀಯಾ? ಅಪ್ಪ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗ ನೀನು ಹೀಗೇ ಗೋಡೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದೆ. ಆರು ವರ್ಷ ನಿನಗೆ. ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು, ನಾನು ಮಂಚದ ಹಿಂದೆ. ನೀನು ನಗುತ್ತಾ ನಿಂತಿರುತ್ತಿದ್ದೆ. ಆ ನಗುವನ್ನು ನಲವತ್ತು ವರ್ಷದ ಮೇಲೆ ಇನ್ನೊಂದು ಮುಖದ ಮೇಲೆ ನೋಡಿದೆ. ನೀನೇ ಹೇಳಿರಬೇಕು ಅಂತ ಸಮಾಧಾನ ಮಾಡಿಕೊಂಡಿದ್ದೇನೆ. ಯಾರ ಹತ್ತಿರವೂ ಬಾಯಿ ಬಿಡದವನು ಮಗಳ ಹತ್ತಿರ ಬಿಟ್ಟಿದ್ದಾನೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಹೌದು ತಾನೇ? ಹೌದು ಅಂತ ಒಂದು ಸಾಲು ಬರೆದುಬಿಡು.

ಯಾಕೋ ಮನಸ್ಸು ನೆಟ್ಟಗಿಲ್ಲ. ನಿನ್ನ ಕಾಗದವನ್ನು ಅವಳಿಗೂ ಓದಲು ಕೊಟ್ಟಿದ್ದೆ. ಓದಿ, ಮಡಚಿ, ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟಳು. ಅವತ್ತಿನಿಂದ ಊಟ ಅಷ್ಟಕ್ಕಷ್ಟೆ. ಪರೀಕ್ಷೆಯ ಭಯ ಇರಬೇಕು ಅಂತ ಬಿಟ್ಟೆ. ನಿನ್ನೆ ಬಟ್ಟೆ ಮಡಚುತ್ತಾ ಇದ್ದಕ್ಕಿದ್ದಂತೆ, "ಅತ್ತೆ, ಆ ಹೊಸ ಮನೇಲಿ ನನ್ನ ರೂಮಿಗೆ ಒಳಗಡೆಯಿಂದ ಚಿಲಕ ಇದೆಯಂತಾ?" ಅಂತ ಕೇಳಿದಳು. ಓಹೋ, ದೊಡ್ಡವಳಾದಳಪ್ಪ ಅಂತ ನಕ್ಕು ಕೀಟಲೆ ಮಾಡಿದೆ. ಅವಳು ನಗಲಿಲ್ಲ. ಇಲ್ಲದಿದ್ದರೆ ಒಂದು ಹಾಕಿಸು, ಕೇಳಿದ್ದಾಳೆ.

ನನ್ನದೊಂದು ಕೋರಿಕೆ. ಇನ್ನೊಂದು ವರ್ಷ ಅವಳನ್ನು ಇಲ್ಲೇ ಬಿಡು. ಹೈಸ್ಕೂಲ್ ಮುಗಿಯಲಿ. ನಿನಗೂ ಒಂಟಿತನ, ಗೊತ್ತು. ರಜೆಯಲ್ಲಿ ನೀನೇ ಬಂದಿರು, ನಿನಗೆ ಬೇಕಾದ್ದು ಮಾಡಿ ಹಾಕುತ್ತೇನೆ, ಇಬ್ಬರೂ ಕೂತು ಹೆಡ್ ಮಾಸ್ತರರನ್ನು ಆಡಿಕೊಂಡು ನಗೋಣ. ಯೋಚನೆ ಮಾಡಿ ಉತ್ತರ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು, ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನಗೆ ಎಲ್ಲವೂ ಒಳ್ಳೆಯದಾಗಲಿ, ತಣ್ಣಗಿರು.

ನಿನ್ನ
ಅಕ್ಕ

ಮತ್ತೆ ಬರೆದದ್ದು: ಫೆಬ್ರವರಿ ೧೬. ಅಂಚೆಗೆ ಹಾಕಲು ಪುರುಸೊತ್ತಾಗದೆ ಈ ಕಾಗದ ಬ್ಯಾಗಿನಲ್ಲೇ ಉಳಿದಿತ್ತು. ಹರಿದು ಬೇರೆ ಬರೆಯೋಣ ಅಂದುಕೊಂಡೆ. ಬೇಡ, ಮೇಲೆ ಬರೆದ ಪ್ರೀತಿಯೂ ಸುಳ್ಳಲ್ಲ, ಅದನ್ನೂ ಓದು.

ನಿನ್ನೆ ನಾಟಕವಾಯಿತು. ಬೂಟಿನ ಸದ್ದು ಬಂದಾಗ ಮತ್ತೆ ಬಲಗೆನ್ನೆಯನ್ನೇ ಒತ್ತಿದಳು. ಜನರಿಗೆ ಕಂಡದ್ದು ಬೆನ್ನು ಮಾತ್ರ. ಆದರೂ ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದ ಮೇಲೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಹತ್ತಿಯಲ್ಲಿ ಬಣ್ಣ ಒರೆಸುತ್ತಾ ತಮಾಷೆಗೆ ಕೇಳಿದೆ: "ಅಲ್ವೇ ಬಂಗಾರಿ, ಅತ್ತೆ ಹೇಳಿದ ಒಂದು ಮಾತು ಕೇಳಲಿಲ್ವಲ್ಲ ನೀನು. ನಿಮ್ಮಪ್ಪ ಚಿಕ್ಕವನಿದ್ದಾಗ ಎಡಗೆನ್ನೇನೇ ಬಚ್ಚಿಡ್ತಿದ್ದ. ಎದುರಿಗಿದ್ದೋರು ಬಲಗೈ ಬೀಸಿದ್ರೆ ಬೀಳೋದು ಎಡಗಡೆಗೆ ತಾನೇ?"

ಅವಳು ಕಣ್ಣು ಮುಚ್ಚಿಕೊಂಡೇ, ಗಣಿತದ ಲೆಕ್ಕ ತಿದ್ದುವ ಹಾಗೆ ಹೇಳಿದಳು: "ಅದು ನಿಮ್ಮಪ್ಪಂಗೆ, ಅತ್ತೆ. ನಮ್ಮಪ್ಪ ಎಡಚ ಅಲ್ವಾ?"

ನನ್ನ ಕೈಯಲ್ಲಿದ್ದ ಹತ್ತಿ ಅವಳ ಕೆನ್ನೆಯ ಮೇಲೇ ನಿಂತಿತು. ಅವಳು ಕಣ್ಣು ತೆರೆದು ನನ್ನ ಮುಖ ನೋಡಿ ಹೆದರಿ, "ದಿನಾ ಅಲ್ಲ ಅತ್ತೆ. ಆಮೇಲೆ ಅಪ್ಪಾನೇ ಅಳ್ತಾರೆ, ಪಾಪ" ಅಂದಳು. ನಿನ್ನ ಪರವಾಗಿ ನನಗೆ ಸಮಾಧಾನ ಹೇಳಿದಳು ಮರೀ.

ಎಡಗೈ ಬಳಸುತ್ತೀಯ ಅಂತ ಅಪ್ಪ ಆ ಕೈಯನ್ನು ಕುರ್ಚಿಗೆ ಕಟ್ಟಿ ನಿನ್ನಿಂದ ಬಲಗೈಯಲ್ಲಿ ಬರೆಸುತ್ತಿದ್ದರು. ಅವರು ಆಚೆ ಹೋದ ಕೂಡಲೇ ಗಂಟು ಬಿಚ್ಚಿ, ಕೆಂಪಾದ ಮಣಿಕಟ್ಟನ್ನು ಊದಿ ಊದಿ ಉಜ್ಜುತ್ತಿದ್ದವಳು ನಾನು. ಇವತ್ತು ಬೆಳಗಿನಿಂದ ಬೇರೇನೂ ಯೋಚನೆ ಬರುತ್ತಿಲ್ಲ.

ಏಪ್ರಿಲ್‌ನಲ್ಲಿ ಬರಬೇಡ. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಬಂದರೆ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ನಿನಗೂ ಅಪ್ಪನಿಗೂ ನಡುವೆ ಬಂದು ನಿಲ್ಲಬೇಕಾಗಿದ್ದಾಗ ನನಗೆ ಹನ್ನೆರಡು ವರ್ಷ. ಈಗ ಐವತ್ತೆರಡು.