ಪೈಲ್ವಾನನ ಹಿಮ್ಮಡಿಯ ತೂತು

ಮೈಸೂರು, 2231ನೇ ಇಸವಿ, ಮೇ ತಿಂಗಳ ನಲವತ್ತೊಂದನೆಯ ದಿನ

ಅರಸರ ಮಹಲಿನ ಜೀರ್ಣೋದ್ಧಾರ ಸಮಿತಿಯ ಮಹನೀಯರಿಗೆ,

ತಾರೀಖು ತಪ್ಪಿಲ್ಲ. ಸೆಕೆ ಇಳಿಯುವವರೆಗೆ ನಮ್ಮಲ್ಲಿ ಮೇ ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಒರಟಾಗಿ ಕೇಳಿಸಿದರೆ ಕ್ಷಮಿಸಬೇಕಾಗಿಲ್ಲ, ಬೇಕೆಂದೇ ಬರೆದಿದ್ದೇನೆ. ನಾನು ಗಾರೆ ಕೆಲಸದ ದೇವೀರಮ್ಮ. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಒಬ್ಬರಿಗೆ ಒಂದೇ ಹಾಳೆ ಕೊಡುತ್ತದೆ.

ನೀವು ಮದುವೆಗಳಿಗೆ ಬಾಡಿಗೆ ಕೊಡುವ ಆ ಮಹಲು ಈಗ ನಮ್ಮ ಬೀದಿಯ ತಂಪುಮನೆ. ಬಿಸಿಲ ಮೂರು ತಿಂಗಳು ನಲವತ್ತು ಸಂಸಾರಗಳು ಚಾಪೆ, ಪಾತ್ರೆ, ಬೆಕ್ಕು ಸಮೇತ ಆ ದಪ್ಪ ಗೋಡೆಗಳೊಳಗೆ ಬದುಕುತ್ತೇವೆ. ಮೊಟ್ಟೆಯಾಕಾರದ ನಾಟ್ಯಶಾಲೆಯಲ್ಲಿ ಬಾಣಂತಿಯರು ಮಲಗಿ ಛಾವಣಿಗೆ ಬರೆದ ಮೋಡಗಳನ್ನು ನೋಡುತ್ತಾರೆ. ಎರಡು ಕವಲಾಗಿ ಏರುವ ಮೆಟ್ಟಿಲ ಮೇಲೆ ಮುದುಕರು ಚೌಕಾಬಾರ ಆಡುತ್ತಾರೆ.

ಅದನ್ನು ಕಟ್ಟಿಸಿದ ಅರಸು ವಿಯೆನ್ನಾದ ಬರೋಕ್ ಶೈಲಿಯ, ಮೈತುಂಬ ಅಲಂಕಾರದ ಅರಮನೆಗಳಿಗೆ ಮರುಳಾಗಿ ಬಂದವರು. ಹೆಬ್ಬಾಗಿಲ ಎರಡೂ ಕಡೆ ಮೇಲಂತಸ್ತನ್ನು ಹೆಗಲ ಮೇಲೆ ಹೊತ್ತ ದೈತ್ಯರು ಬೇಕೆಂದರು. ಶಿಲ್ಪಿ ವೀರಭದ್ರಾಚಾರಿ ಅಂಥ ದೈತ್ಯರನ್ನು ಎಲ್ಲಿ ನೋಡಿದ್ದ? ಗರಡಿಮನೆಯಿಂದ ಇಬ್ಬರು ಪೈಲ್ವಾನರನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡು, ಸುಣ್ಣ, ಬೆಲ್ಲ, ಅಳಲೆಕಾಯಿಯ ಗಾರೆಯಲ್ಲಿ ಮೀಸೆ, ಲಂಗೋಟಿ ಸಹಿತ ತಿದ್ದಿದ. ತಾರಸಿಯ ಮಳೆನೀರು ಎಡಗಡೆಯವನ ಬೆನ್ನೊಳಗಿಂದ ಇಳಿದು ಹಿಮ್ಮಡಿಯ ತೂತಿನಿಂದ ಹೊರಬೀಳುವಂತೆ ಮಾಡಿದ. ಎಂಥಾ ತಲೆ ಅಂತೀರಿ!

ನಿಮ್ಮ ನಡಾವಳಿ ಪುಸ್ತಕ ನನ್ನ ಮುಂದಿದೆ. "ಸದರಿ ತೂತು ಅಸಹ್ಯವಾಗಿ ಕಾಣುವುದರಿಂದ ಸಿಮೆಂಟಿನಿಂದ ಮುಚ್ಚುವುದು. ಸರ್ವಾನುಮತ." ಕೆಳಗೆ ನಿಮ್ಮ ಗಾರೆಯವನ ಮಾತೂ ಇದೆ: "ಸಾಮೀ, ಅದು ನೀರ್ ಹೋಗೋ ದಾರಿ, ಮುಚ್ಬ್ಯಾಡಿ." ಪಕ್ಕದಲ್ಲಿ ಒಂದೇ ಪದ: ಪರಿಗಣಿಸಲಿಲ್ಲ. ನಿಮಗೇನು ಬಂದಿತ್ತು ದೊಡ್ಡ ರೋಗ? ಒಬ್ಬರಿಗಾದರೂ ಮಳೆ ಎಲ್ಲಿಗೆ ಹೋಗುತ್ತದೆಂದು ಕೇಳಬೇಕೆನಿಸಲಿಲ್ಲವೇ? ಮೇಲೆ ಥಳಕು, ಒಳಗೆ ಹುಳುಕು. ಇನ್ನೂರು ವರ್ಷ ನೀರು ಒಳಗೇ ನಿಂತಿತು.

ಹೋದ ಸೋಮವಾರ ನನ್ನ ತಂಗಿ ಚಿಕ್ಕತಾಯಿ ಆ ಪೈಲ್ವಾನನ ಹೊಟ್ಟೆ ಮುಟ್ಟಿ ನೋಡಿದಳು. "ಅಕ್ಕ, ಇವ್ನು ಒಳ್ಗೇ ಕೊಳೀತವ್ನೆ ಕಣೆ, ಸಿಮೆಂಟ್ ಕಿತ್ತಾಕ್‌ಬುಡ್ತೀನಿ, ನೀರು ಆಚೆಗ್ ಬರ್ಲಿ" ಅಂದಳು. ಉಳಿ ಇಟ್ಟು ಎರಡೇ ಪೆಟ್ಟು ಹೊಡೆದಿದ್ದಳು. ಪೈಲ್ವಾನ ಹೊತ್ತಿದ್ದ ಮೇಲಂತಸ್ತಿನ ಬಾಲ್ಕನಿ ಸಮೇತ ಅವಳ ಮೇಲೆ ಕುಸಿದ. ನಾವು ಕಲ್ಲೆತ್ತಿ ಮುಗಿಸುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಅವಳಿಗೆ ಇಪ್ಪತ್ತಾರು ವರ್ಷ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಸುಳ್ಳು. ಮಾಡಿದವರು ನೀವು, ಉಂಡವಳು ಅವಳು.

ಈ ಕಾಗದ ನಿಮ್ಮ ಕೈ ಸೇರುವ ದಿನಕ್ಕೆ ತೂತು ಇನ್ನೂ ಮುಚ್ಚಿಲ್ಲ, ನಿಮ್ಮ ಸಭೆ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ. ಮುಚ್ಚೋಣ ಅಂದಾಗ ನಿಮ್ಮಲ್ಲಿ ಯಾರಾದರೂ ಒಬ್ಬರು ಕೈ ಎತ್ತಬೇಡಿ, ಅಷ್ಟೇ. ಆ ಗಾರೆಯವನನ್ನು ಒಳಗೆ ಕರೆದು, ಕೂರಿಸಿ, ಅವನ ಮಾತು ಪೂರ್ತಿ ಕೇಳಿ. ತೂತು ಹಾಗೇ ಉಳಿದರೆ ನಾನು ಈ ಕಾಗದ ಬರೆಯುವುದೇ ಇಲ್ಲ. ನಿಮ್ಮ ಹೆಸರೂ ನನಗೆ ಗೊತ್ತಾಗುವುದಿಲ್ಲ. ಇದೇ ಹೊತ್ತಿಗೆ ಆ ಮೆಟ್ಟಿಲ ಮೇಲೆ ಕೂತು, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ತಂಗಿಯ ಹತ್ತಿರ ಬೈಸಿಕೊಳ್ಳುತ್ತಿರುತ್ತೇನೆ.