ಆ ಒಂಬತ್ತು ದಿನ ಎಲ್ಲಿದ್ದಿರಿ?

ಮಂಗಳವಾರ, ಮಧ್ಯಾಹ್ನ

ಮುದ್ದು ಗುಬ್ಬಿ,

ಅಮ್ಮನ ಆಶೀರ್ವಾದ. ನಾನಿಲ್ಲಿ ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಲ್ಲ, ಬರೆದಿದ್ದೇನೆ ಅಂದುಕೋ. ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ ಎಂದು ಕೇಳುವುದಿಲ್ಲ. ಕೇಳಿದರೆ ಹೌದು ಅನ್ನುತ್ತೀಯ. ಆ ಹೌದು ಎಂಥದ್ದೆಂದು ನಿನ್ನನ್ನು ಸಾಕಿದ ನನಗೆ ಗೊತ್ತು.

ನಿನ್ನೆ ಸಂಜೆ ಫೋನಿನಲ್ಲಿ ನೀನು ಭತ್ಯೆ ಸರಿಯಾಗಿ ಬರುತ್ತಿದೆಯಾ ಎಂದು ಕೇಳಿದೆ. ಬರುತ್ತಿದೆ ಅಂದೆ. ಸುಳ್ಳು. ಕೆಲಸ ಹೋಗಿ ನಾಲ್ಕು ತಿಂಗಳಾಯಿತು, ನಿರುದ್ಯೋಗ ಭತ್ಯೆ ಅಂತ ಇವತ್ತಿನವರೆಗೆ ಬಿಡಿಗಾಸು ನನ್ನ ಕೈಗೆ ಬಂದಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನಿನ್ನ ದನಿ ಕೇಳಿ ನನ್ನ ಬಾಯಿ ಕಟ್ಟುತ್ತದೆ, ಇಲ್ಲವೇ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದ ಮೇಲಾದರೆ ನಾನೊಬ್ಬಳೇ ಮಾತಾಡಬಹುದು.

ಹೋಟೆಲಿನವರು ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನ ಕಂಪನಿಗೆ ಕೊಟ್ಟು ನಮ್ಮ ಕೋಣೆಗೆ ಬೀಗ ಹಾಕಿದರಲ್ಲ, ಆ ಮರುದಿನವೇ ನಾವು ಹನ್ನೊಂದು ಜನ ಹೋಗಿ ಭತ್ಯೆಗೆ ಅರ್ಜಿ ಹಾಕಿದೆವು. ಕಚೇರಿಯವರು ವಾರಕ್ಕೊಂದು ಕಾರ್ಡ್ ಕೊಡುತ್ತಾರೆ. ಅದರಲ್ಲಿ ಒಂದು ಪ್ರಶ್ನೆ: ಈ ವಾರ ಏಳೂ ದಿನ ಕೆಲಸಕ್ಕೆ ಸಿದ್ಧರಿದ್ದಿರಾ? ಪಕ್ಕದಲ್ಲಿ ಹೌದು, ಇಲ್ಲ ಎಂದು ಎರಡು ಚೌಕ. ಗಂಜಿ ಅಕ್ಕ ಗೊತ್ತಲ್ಲ, ಮೇಜಿನ ಬಟ್ಟೆಗಳಿಗೆ ಗಂಜಿ ಹಾಕುತ್ತಿದ್ದವಳು, ಅವಳು ಕಾರ್ಡನ್ನು ಓದುವುದೇ ಇಲ್ಲ. ಮೊದಲ ಚೌಕಕ್ಕೆ ಗೀಟು ಎಳೆದು ಡಬ್ಬಿಗೆ ಹಾಕುತ್ತಾಳೆ. "ಓದಿದ್ರೆ ತಾನೇ ತಲೆನೋವು" ಅನ್ನುತ್ತಾಳೆ. ಅವಳಿಗೆ ಮೂರನೇ ವಾರಕ್ಕೇ ಭತ್ಯೆ ಬಂತು.

ನಾನು ಓದಿದವಳಲ್ಲವೇ, ಏಳನೇ ತರಗತಿ. ನಿನ್ನ ಹತ್ತಿರ ಬಂದು ಹೋದ ಆ ಎರಡು ವಾರಕ್ಕೆ 'ಇಲ್ಲ' ಎಂದು ಗುರುತು ಹಾಕಿದೆ. ಕೆಳಗೆ ಖಾಲಿ ಜಾಗ ಇತ್ತಲ್ಲ, ಅಲ್ಲಿ ಗುಂಡಗೆ ಬರೆದೆ: ಒಂಬತ್ತು ದಿನ ಮಗಳ ಹೆರಿಗೆಗೆ ಹೋಗಿದ್ದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಸತ್ಯ ಹೇಳಿದರೆ ಯಾರೇನು ಮಾಡುತ್ತಾರೆ ಅನ್ನುವ ಹುಂಬತನ ಇತ್ತು ನನಗೆ.

ಆರು ವಾರ 'ಪರಿಶೀಲನೆಯಲ್ಲಿದೆ' ಅಂದರು. ಮೂರನೇ ಕಿಟಕಿಯವರು ಏಳನೆಯದಕ್ಕೆ ಹೋಗಿ ಅಂದರು, ಏಳನೆಯವರು ಇದು ಮೂರನೆಯವರದೇ ಕೆಲಸ ಅಂದರು. ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ಯಾರೋ ಹಲೋ ಅನ್ನುವಷ್ಟರಲ್ಲಿ ಕಟ್ ಆಗುತ್ತಿತ್ತು. ಕೊನೆಗೆ ಒಂದು ಪತ್ರ ಬಂತು, ಹತ್ತು ದಿನದೊಳಗೆ ಉತ್ತರಿಸಬೇಕು ಎಂದು. ಅದು ನನ್ನ ಕೈಸೇರಿದ್ದು ಹನ್ನೆರಡನೇ ದಿನ. ಪತ್ರ ಬರೆದವರಿಗೂ ಅಂಚೆಯವರಿಗೂ ಮಾತುಕತೆ ಇಲ್ಲ ಅಂತ ಕಾಣುತ್ತದೆ. ಗಡುವು ಮೀರಿದ್ದಕ್ಕೆ ಫೈಲು ಮುಚ್ಚಿದರು, ತೆರೆಸಲು ಹೊಸ ಅರ್ಜಿ, ಮತ್ತೆ ಮೊದಲಿನಿಂದ ಪರಿಶೀಲನೆ. ಇಷ್ಟೆಲ್ಲ ಆಗಿ ಅವರಿಗೆ ಬೇಕಿದ್ದದ್ದು ಒಂದೇ. ಆ ಒಂಬತ್ತು ದಿನ ಎಲ್ಲಿದ್ದಿರಿ, ಸಾಕ್ಷಿ ಕೊಡಿ. ಹೆರಿಗೆ ಅಂದರೆ ಮಗುವಿನ ಜನನ ಪ್ರಮಾಣಪತ್ರ ತನ್ನಿ.

ಅಲ್ಲಿ ನಿಂತು ನಾನು ಹೇಳಬೇಕಾಯಿತು ಗುಬ್ಬಿ. ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ. ಗಾಜಿನ ತೂತಿಗೆ ಬಾಯಿಟ್ಟು ಹೇಳಿದೆ, ಮಗು ಉಳಿಯಲಿಲ್ಲ, ಉಸಿರಿಲ್ಲದೆ ಹುಟ್ಟಿತು ಎಂದು. ಒಳಗೆ ಕೂತಿದ್ದ ಕನ್ನಡಕದ ಮೇಡಂಗೆ ಕೇಳಿಸಲಿಲ್ಲ, ಎರಡನೇ ಸಲ ಜೋರಾಗಿ ಹೇಳಿಸಿದರು. ಹಾಗಾದರೆ ಮರಣ ಪ್ರಮಾಣಪತ್ರ ಎಂದರು. ಪಕ್ಕದವರನ್ನು ಕೇಳಿಕೊಂಡು ಬಂದು, ಜೀವಂತ ಹುಟ್ಟದ ಮಗುವಿಗೆ ಅದೂ ಕೊಡುವುದಿಲ್ಲ ಎಂದು ಅವರೇ ಹೇಳಿದರು. ಹೆಂಗಸು ಕೆಟ್ಟವರಲ್ಲ. ಆಮೇಲೆ ದನಿ ತಗ್ಗಿಸಿ, "ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿರ್ತಾರಮ್ಮ, ಅದರ ಅಸಲು ತನ್ನಿ. ಫೈಲಿಗೆ ಹಾಕ್ಬೇಕು, ವಾಪಸ್ ಸಿಗಲ್ಲ" ಅಂದರು.

ಆ ಹಾಳೆ ಎಲ್ಲಿದೆ ಎಂದು ನನಗೆ ಗೊತ್ತು. ನಿನ್ನ ದಿಂಬಿನ ಚೀಲದೊಳಗೆ. ಹಾಸಿಗೆ ಬದಲಿಸುವಾಗ ಕಂಡಿತ್ತು, ಕಾಣದವಳ ಹಾಗೆ ಮತ್ತೆ ಅಲ್ಲೇ ಇಟ್ಟೆ. ಹೆಣ್ಣು ಎಂದೂ, ತೂಕ ಇಷ್ಟು ಎಂದೂ, ಬೆಳಿಗ್ಗೆ ಇಷ್ಟು ಹೊತ್ತಿಗೆ ಎಂದೂ ಬರೆದಿರುವುದು ಇಡೀ ಪ್ರಪಂಚದಲ್ಲಿ ಅದೊಂದೇ ಕಡೆ. ಅದನ್ನು ಕಳಿಸು, ಮತ್ತೆ ಸಿಗುವುದಿಲ್ಲ ಎಂದು ಯಾವ ಬಾಯಲ್ಲಿ ಕೇಳಲಿ? ಕೇಳಬೇಕೆಂದೇ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಕುಕ್ಕರಿನ ರಬ್ಬರು ಬದಲಾಯಿಸಿದೆಯಾ ಎಂದು ಕೇಳಿ ಇಟ್ಟೆ. ಅಮ್ಮನಿಗೆ ಇದೇನು ಕುಕ್ಕರಿನ ಹುಚ್ಚು ಹಿಡಿಯಿತು ಎಂದು ನಿನಗೂ ಅನ್ನಿಸಿರಬೇಕು.

ಕೇಳದೆ ಬಿಡುವ ಹಾಗೂ ಇರಲಿಲ್ಲ. ಮನೆ ಮಾಲೀಕರು ಒಳ್ಳೆಯವರೇ, ಮೂರು ತಿಂಗಳು ಬಾಯಿ ಬಿಡಲಿಲ್ಲ. ಹೋದ ವಾರ ಬಾಗಿಲಲ್ಲೇ ನಿಂತು, "ನಿಮಗೆ ಬೇಜಾರಾಗ್ಬಾರ್ದು, ತಿಂಗಳ ಕೊನೆಗೆ ಬಾಡಿಗೆ ಬರದಿದ್ರೆ ಬೇರೆಯವರಿಗೆ ಕೊಡ್ತೀನಿ" ಅಂದರು. ಬೇಜಾರಾಗಲಿಲ್ಲ, ಭಯವಾಯಿತು. ಎರಡು ಕಡೆ ಕೆಲಸ ಕೇಳಿ ಬಂದೆ. ಒಂದು ಕಡೆ ವಯಸ್ಸು ಕೇಳಿದರು, ಇನ್ನೊಂದು ಕಡೆ ಮುಖ ನೋಡಿಯೇ ತಿಳಿದುಕೊಂಡರು. ಅಳಿಯಂದಿರು ಹಿಂದೊಮ್ಮೆ, "ಅತ್ತೆ, ಇಲ್ಲಿಗೇ ಬಂದ್ಬಿಡಿ" ಅಂದಿದ್ದರು, ಪುಣ್ಯಾತ್ಮ. ಬರಬಹುದು. ಆದರೆ ನಿಮ್ಮ ಆ ಒಂದು ಕೋಣೆಯಲ್ಲಿ ನಾನೂ ಬಂದು ಕೂತರೆ ನೀವಿಬ್ಬರೂ ಅಳುವುದೆಲ್ಲಿ?

ನಿನ್ನೆ ಕೊನೆಯ ಗಡುವು. ಬರಿಗೈಯಲ್ಲೇ ಹೋದೆ. ಮಗಳನ್ನು ಕೇಳಲು ನನ್ನಿಂದಾಗಲಿಲ್ಲ ಎಂದು ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮೇಜಿನ ಕೆಳಗಿಂದ ಇನ್ನೊಂದು ಬಗೆಯ ಹಾಳೆ ತೆಗೆದು ಮುಂದಿಟ್ಟರು. ಸಹಿ ಹಾಕಿದೆ. ಅವರು ಅದರ ಮೇಲೆ ಮುದ್ರೆ ಒತ್ತಿದರು. ಮುಂದಿನ ವಾರ ಹಿಂದಿನ ಬಾಕಿಯೂ ಸೇರಿ ಬರುತ್ತದಂತೆ. ನಾಲ್ಕು ತಿಂಗಳು ಆಗದ್ದು ನಾಲ್ಕು ನಿಮಿಷದಲ್ಲಿ ಆಯಿತು. ಹೊರಗೆ ಬಂದಾಗ, ಜೊತೆಗೆ ಬಂದು ಕಾಯುತ್ತಿದ್ದ ಗಂಜಿ ಅಕ್ಕ ನನ್ನ ಕೈ ಹಿಡಿದು ಖುಷಿಪಟ್ಟಳು. ನನಗೆ ಮಾತ್ರ ಖುಷಿಯಾಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಅಂತೂ ಮನೆ ಉಳಿಯಿತು. ನೀನು ಏನನ್ನೂ ಕಳಿಸುವುದು ಬೇಡ, ಹಣವನ್ನೂ ಬೇಡ. ಹೊಟ್ಟೆ ತುಂಬ ಉಣ್ಣು. ಬೆಳಿಗ್ಗೆ ಎದ್ದ ಮೇಲೆ ತಲೆ ಬಾಚಿಕೋ, ಎಲ್ಲಿಗೂ ಹೋಗುವುದಿಲ್ಲವಾದರೂ ಬಾಚಿಕೋ.

ನಿನ್ನನ್ನು ಹೆತ್ತವಳು,
ಅಮ್ಮ

ತಾ.ಕ.: ಲಕೋಟೆ ಅಂಟಿಸಿಟ್ಟವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸಹಿ ಹಾಕಿದ ಹಾಳೆಯಲ್ಲಿ ಏನಿತ್ತೆಂದು ನಿನಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಕಾರ್ಡಿನಲ್ಲಿ ಕಣ್ತಪ್ಪಿನಿಂದ ಹಾಗೆ ಬರೆದೆ, ಆ ಒಂಬತ್ತು ದಿನ ನಾನು ಮಗಳ ಹತ್ತಿರ ಹೋಗಿರಲಿಲ್ಲ, ಯಾವ ಹೆರಿಗೆಯೂ ಇರಲಿಲ್ಲ ಎಂದಿತ್ತು. ಅವರು ಖಚಿತಪಡಿಸಿಕೊಳ್ಳಲು ನಿನಗೆ ಫೋನ್ ಮಾಡಬಹುದು. ಮಾಡಿದರೆ ಅಮ್ಮ ಬಂದಿರಲಿಲ್ಲ ಅನ್ನು. ನಾಲಿಗೆ ಹೊರಳುವುದಿಲ್ಲ, ಆದರೂ ಅನ್ನು.

ಇನ್ನೊಂದು ವಿಷಯ ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದೆ. ಅವತ್ತು ನಿನಗೆ ಎಚ್ಚರವಿರಲಿಲ್ಲ, ಅಳಿಯಂದಿರಿಗೆ ಒಳಗೆ ಬರಲು ಧೈರ್ಯ ಸಾಲಲಿಲ್ಲ. ಯಾರಾದರೂ ಎತ್ತಿಕೊಳ್ಳುತ್ತೀರಾ ಎಂದು ನರ್ಸ್ ಕೇಳಿದರು. ನಾನು ಎತ್ತಿಕೊಂಡೆ. ಕಾಲು ಗಂಟೆ ಮಡಿಲಲ್ಲಿಟ್ಟುಕೊಂಡಿದ್ದೆ. ಮೈ ಇನ್ನೂ ಬೆಚ್ಚಗಿತ್ತು. ಹಣೆ ನಿನ್ನದೇ, ತಲೆ ತುಂಬ ಕೂದಲು. ಈಗ ಕಚೇರಿಯ ಕಾಗದದ ಪ್ರಕಾರ ಅವಳನ್ನು ನಮ್ಮ ಮನೆಯವರು ಯಾರೂ ಎತ್ತಿಕೊಂಡೇ ಇಲ್ಲ.